ಮುಂದಿನ ಸಲದ ಮಾತು

ವರ್ಷಕ್ಕೆ ಮಳೆಗಾಲ, ಚಳಿಗಾಲ, ಬೇಸಿಗೆಕಾಲ ಎಂದು ಮೂರು ಕಾಲಗಳೆಂದು ನಮಗೆ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದರು. ನಾಲ್ಕನೆಯದೊಂದು ಕಾಲವೂ ಉಂಟು. ಅದನ್ನು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ. ಐ.ಪಿ.ಎಲ್. ಪಂದ್ಯಾವಳಿ ಮುಗಿದ ಮರುದಿನದಿಂದ ಮುಂದಿನ ಪಂದ್ಯಾವಳಿಯ ಹಿಂದಿನ ದಿನದವರೆಗೆ ನಡೆಯುವ ಈ ಕಾಲಕ್ಕೆ 'ಚರ್ಚಾಕಾಲ' ಎಂದು ಹೆಸರಿಡಬಹುದು. ಉಳಿದ ಕಾಲಗಳು ಒಮ್ಮೊಮ್ಮೆ ಕೈಕೊಡುವುದುಂಟು. ಮಳೆಗಾಲವಂತೂ ನಮ್ಮ ಜಿಲ್ಲೆಗೆ ಬರುವುದನ್ನೇ ಮರೆತ ವರ್ಷಗಳಿವೆ. ಚರ್ಚಾಕಾಲ ಮಾತ್ರ ತಪ್ಪದೆ ಬರುತ್ತದೆ. ಆಟ ನಡೆಯುವುದು ಎರಡು ತಿಂಗಳಾದರೆ, ಮುಂದಿನ ಸಲ ಯಾವ ತಂಡ ಮೇಲುಗೈಯಾಗುತ್ತದೆಂದು ವಾದಿಸುವುದು ಹತ್ತು ತಿಂಗಳು.

ನನ್ನ ಊರು ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗ. ಕಾಲೇಜಿನಲ್ಲಿ ಯಾರಾದರೂ ಊರು ಕೇಳಿದಾಗ 'ದುರ್ಗ' ಎಂದರೆ ಕೋಟೆಯ ದುರ್ಗವೆಂದೇ ತಿಳಿಯುತ್ತಾರೆ. 'ಬಿ' ಎಂಬ ಒಂದಕ್ಷರವನ್ನು ಒತ್ತಿ ಹೇಳುವುದು ನನಗೆ ಈ ಮೂರು ವರ್ಷಗಳಲ್ಲಿ ರೂಢಿಯಾಗಿಬಿಟ್ಟಿದೆ. ಓಬವ್ವನ ಕಿಂಡಿ ನಮ್ಮೂರಿನಲ್ಲಿಲ್ಲ, ನಿಜ. ಆದರೆ ವಾದಕ್ಕೆ ಒನಕೆ ಹಿಡಿದು ನಿಲ್ಲುವವರಿಗೆ ಅಲ್ಲಿ ಕೊರತೆಯಿಲ್ಲ.

ಈ ಚರ್ಚೆಗೆ ಊರಿನಲ್ಲಿ ಮೂರು ಪೀಠಗಳಿವೆ: ಬಸ್ ನಿಲ್ಲುವಲ್ಲಿಯ ಕಟಿಂಗ್ ಷಾಪು, ಅದರ ಮಗ್ಗುಲಿನ ಟೀ ಹೋಟೆಲು, ಮತ್ತು ನಮ್ಮಂಥ ಕಾಲೇಜು ಹುಡುಗರನ್ನು ಹೊತ್ತು ಬರುವ ಬೆಳಗಿನ ಬಸ್ಸು. ಕಟಿಂಗ್ ಷಾಪಿನ ಅಣ್ಣ ಆರ್.ಸಿ.ಬಿ. ಪಕ್ಷದ ಹಿರಿಯ ವಕೀಲ. ಕತ್ತರಿ ಅವನ ಕೈಯಲ್ಲಿರುವುದರಿಂದ ಕುರ್ಚಿಯಲ್ಲಿ ಕುಳಿತವನಿಗೆ ಎದುರಾಡುವ ಧೈರ್ಯವಿರುವುದಿಲ್ಲ. ಅಂಕಿಗಳೆಲ್ಲ ಅವನಿಗೆ ಬಾಯಿಪಾಠ. 2013ರ ಏಪ್ರಿಲ್ 23ರಂದು ಪುಣೆಯ ಎದುರು 263 ರನ್ನು ಹೊಡೆದು, ಅದರಲ್ಲಿ ಗೇಲ್ ಒಬ್ಬರೇ 175 ಬಾರಿಸಿದ ತಂಡ, 2017ರ ಅದೇ ಏಪ್ರಿಲ್ 23ರಂದು ಕೋಲ್ಕತ್ತದ ಎದುರು 49ಕ್ಕೆ ಮುದುರಿಕೊಂಡಿತು; 2022ರ ಅದೇ ತಾರೀಖಿನಂದು ಹೈದರಾಬಾದಿನ ಎದುರು 68ಕ್ಕೆ! "ಇಂಥ ತಂಡದ ಮುಂದಿನ ವರ್ಷ ಹೇಳೋದು ಪಂಚಾಂಗದವರಿಗೂ ಆಗಲ್ಲ ಕಣ್ರಪ್ಪ. 2024ರಲ್ಲಿ ಮೊದಲ ಎಂಟರಲ್ಲಿ ಏಳು ಸೋತು, ಆಮೇಲೆ ಸಾಲಾಗಿ ಆರು ಗೆದ್ದು ನಾಲ್ಕರೊಳಗೆ ಬರಲಿಲ್ವೆ?" ಎನ್ನುತ್ತಾನೆ. ಹೇಳಲಾಗದು ಎಂದ ಆ ಉಸಿರಿನಲ್ಲಿಯೇ ಮುಂದಿನ ಸಲವೂ ಕಪ್ಪು ನಮ್ಮದೇ ಎಂದು ತೀರ್ಪು ಕೊಡುತ್ತಾನೆ.

ಟೀ ಹೋಟೆಲಿನ ಪೀಠಾಧಿಪತಿ ನನ್ನ ದೊಡ್ಡಪ್ಪ. ಭೀಮಸಮುದ್ರದ ಮಂಡಿಗಳಿಗೆ ಅಡಿಕೆ ಹಾಕಿ ಪಳಗಿದ ಜೀವ. ಆಟಗಾರರನ್ನು ಹರಾಜು ಕೂಗುವುದು ಅವರಿಗೆ ಬಹು ಚೆನ್ನಾಗಿ ಅರ್ಥವಾಗುವ ಸಂಗತಿ. 2024ರ ನವೆಂಬರಿನಲ್ಲಿ ಜೆಡ್ಡಾ ನಗರದಲ್ಲಿ ನಡೆದ ಹರಾಜಿನಲ್ಲಿ ಲಕ್ನೋ ತಂಡ ರಿಷಭ್ ಪಂತ್ ಅವರಿಗೆ 27 ಕೋಟಿ ಕೊಟ್ಟಿತು, ಅಲ್ಲಿಯವರೆಗೆ ಐ.ಪಿ.ಎಲ್. ಹರಾಜಿನಲ್ಲಿ ಅಷ್ಟು ದರ ಯಾರಿಗೂ ಬಂದಿರಲಿಲ್ಲ. ಆದರೆ 2025ರಲ್ಲಿ ಆ ತಂಡ ಮೊದಲ ನಾಲ್ಕರಲ್ಲಿಯೂ ಬರಲಿಲ್ಲ. "ಬಣ್ಣ ನೋಡಿ ದರ ಹಾಕ್ತಾರೆ. ಒಡೆದಾಗಲೇ ಒಳಗಿನ ಅಡಿಕೆ ಎಂಥದ್ದು ಅಂತ ತಿಳಿಯೋದು" ಎಂಬುದು ದೊಡ್ಡಪ್ಪನ ಟೀಕೆ. ಹೀಗಾಗಿ ಅವರು ದುಬಾರಿ ತಂಡಗಳ ಪರ ಮಾತನಾಡುವುದೇ ಇಲ್ಲ.

ಇವರಿಬ್ಬರ ನಡುವೆ ನ್ಯಾಯ ಹೇಳುವವರು ನಿವೃತ್ತರಾದ ನಮ್ಮ ಮೇಷ್ಟ್ರು. ಅವರಿಗೆ ಕ್ರಿಕೆಟ್ಟು ಎಂದರೆ ರಣಜಿ, ಮಿಕ್ಕದ್ದೆಲ್ಲ ಜಾತ್ರೆ. 1958-59ರಿಂದ ಹದಿನೈದು ವರ್ಷ ಬಿಡದೆ ಗೆದ್ದ ಮುಂಬಯಿಯನ್ನು 1974ರ ಸೆಮಿಫೈನಲಿನಲ್ಲಿ ತಡೆದು, ಫೈನಲಿನಲ್ಲಿ ರಾಜಸ್ತಾನವನ್ನು ಸೋಲಿಸಿ ಕರ್ನಾಟಕ ಮೊದಲ ಸಲ ರಣಜಿ ಟ್ರೋಫಿ ತಂದ ಕಥೆಯನ್ನು ಅವರು ಪುರಾಣದಂತೆ ಹೇಳುತ್ತಾರೆ. ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಎಂಬ ಹೆಸರುಗಳು ಬಂದಾಗ ಅವರ ದನಿಯೇ ಬೇರೆಯಾಗುತ್ತದೆ. "ಹದಿನೈದು ವರ್ಷ ಸೋತರೂ ಮುಂದಿನ ವರ್ಷ ನೋಡೋಣ ಅಂದ್ಕೊಂಡೇ ರೇಡಿಯೋ ಹಚ್ತಿದ್ವಿ ಕಣಯ್ಯಾ. ನಿಮ್ಮದೇನು ಮಹಾ ಕಾಯೋದು?" ಎಂದು ನಮ್ಮನ್ನು ಮೂದಲಿಸುತ್ತಾರೆ.

ನಮ್ಮ ಕಾಯುವಿಕೆಯೂ ಅಲ್ಪವಾದುದೇನಲ್ಲ. 2008ರಲ್ಲಿ ಐ.ಪಿ.ಎಲ್. ಆರಂಭವಾದಾಗ ನನ್ನ ವಯಸ್ಸಿನವರು ಅಂಗನವಾಡಿಯನ್ನೂ ಕಂಡಿರಲಿಲ್ಲ. 2009ರಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಫೈನಲು. ಡೆಕ್ಕನ್ ತಂಡದೆದುರು ಆರು ರನ್ನಿನ ಸೋಲು. 2011ರಲ್ಲಿ ಚೆನ್ನೈಯೆದುರು ಸೋಲು. 2016ರಲ್ಲಿ ಬೆಂಗಳೂರಿನ ಸ್ವಂತ ಅಂಗಳದಲ್ಲಿಯೇ ಹೈದರಾಬಾದಿಗೆ ಎಂಟು ರನ್ನಿನ ಗೆಲುವು. ಕಡೆಗೆ 2025ರ ಜೂನ್ 3ರಂದು, ಹದಿನೆಂಟನೆಯ ಪ್ರಯತ್ನದಲ್ಲಿ, ಅಹಮದಾಬಾದಿನಲ್ಲಿ ಪಂಜಾಬ್ ತಂಡವನ್ನು ಆರು ರನ್ನಿನಿಂದ ಸೋಲಿಸಿ ಕಪ್ಪು ಬಂತು. "2009ರಲ್ಲಿ ಕಿತ್ತುಕೊಂಡ ಆರೇ ರನ್ನನ್ನು ದೇವರು ವಾಪಸು ಕೊಟ್ಟ; ಹದಿನಾರು ವರ್ಷದ ಬಡ್ಡಿ ಮಾತ್ರ ಕೊಡಲಿಲ್ಲ" ಎಂದರು ಮೇಷ್ಟ್ರು. ಹೊಳಲ್ಕೆರೆಯ ಬಯಲು ಗಣಪತಿಗೆ ಹರಕೆ ಹೊತ್ತಿದ್ದ ನಮ್ಮ ಗೆಳೆಯನೊಬ್ಬ ಆ ವಾರವೇ ಹೋಗಿ ಹದಿನೆಂಟು ಕಾಯಿ ಒಡೆಸಿ ಬಂದ.

ಕಪ್ಪು ಬಂದ ಮೇಲೆ ಚರ್ಚೆ ನಿಲ್ಲಬೇಕಾಗಿತ್ತು. ಆದರೆ 2025ರ ಮಳೆಗಾಲದಲ್ಲಿ ಅದು ಇಮ್ಮಡಿಯಾಯಿತು. ಗೆದ್ದ ತಂಡವೇ ಮತ್ತೆ ಗೆಲ್ಲುವುದೇ? ಅದಕ್ಕೂ ಮೊದಲಿನ ಪ್ರಶ್ನೆ, ನಮ್ಮ ತಂಡವೆಂದರೆ ಯಾವುದು? ಬಸ್ಸಿನ ಪೀಠದಲ್ಲಿ ಈ ವಿಷಯಕ್ಕೆ ದೊಡ್ಡ ಜಗಳವೇ ಆಯಿತು. ಬೆಂಗಳೂರಿನ ತಂಡವೇ ನಮ್ಮದು ಎಂದು ಒಂದು ಪಕ್ಷ. ಕನ್ನಡದ ಹುಡುಗರು ಎಲ್ಲಿದ್ದಾರೋ ಅದೇ ನಮ್ಮದು ಎಂದು ಇನ್ನೊಂದು ಪಕ್ಷ. ಎರಡನೆಯವರ ಬಳಿ ಸಾಕ್ಷ್ಯವೂ ಬಲವಾಗಿತ್ತು. 2025ರಲ್ಲಿ ಅತಿ ಹೆಚ್ಚು, ಎಂದರೆ 25 ವಿಕೆಟ್ಟು ಪಡೆದ ಪ್ರಸಿದ್ಧ ಕೃಷ್ಣ ನಮ್ಮವರು, ಆಡಿದ್ದು ಗುಜರಾತಿಗೆ. ಕೆ.ಎಲ್. ರಾಹುಲ್ ನಮ್ಮವರು, ಆ ಏಪ್ರಿಲ್ 10ರಂದು ದೆಹಲಿಯ ಪರವಾಗಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಔಟಾಗದೆ 93 ಹೊಡೆದು ಆರ್.ಸಿ.ಬಿ.ಯನ್ನು ಸೋಲಿಸಿ, ಇದು ನನ್ನ ನೆಲವೆಂಬಂತೆ ಬ್ಯಾಟಿನಿಂದ ನೆಲದ ಮೇಲೆ ವೃತ್ತ ಬರೆದರು. ಆಗ ಸಂತೋಷಪಡಬೇಕೋ ದುಃಖಪಡಬೇಕೋ ನಮಗೆ ತಿಳಿಯಲಿಲ್ಲ. ಮಗಳನ್ನು ಬೇರೆ ಊರಿಗೆ ಕೊಟ್ಟವರಿಗೆ ಈ ಸಂಕಟ ಗೊತ್ತಿರುತ್ತದೆ.

ಈ ವಾದ ಮುಗಿಲು ಮುಟ್ಟಿದ್ದಾಗ, ಮುಂದಿನ ಸೀಟಿನಲ್ಲಿ ಪುಸ್ತಕ ಓದುತ್ತಿದ್ದ ನಮ್ಮ ತರಗತಿಯ ಹುಡುಗಿಯೊಬ್ಬಳು ತಲೆಯೆತ್ತಿ, "ಹದಿನೆಂಟು ವರ್ಷಕ್ಕೆ ಮೊದಲ ಕಪ್ಪು ಅಂತೀರಲ್ಲ, 2024ರ ಮಾರ್ಚಿ ತಿಂಗಳಲ್ಲಿ ದೆಹಲಿಯಲ್ಲಿ ಗೆದ್ದವರು ಯಾರು?" ಎಂದು ಕೇಳಿದಳು. ಬಸ್ಸಿನ ಹಿಂಭಾಗ ನಿಶ್ಶಬ್ದವಾಯಿತು. ಸ್ಮೃತಿ ಮಂಧಾನ ಅವರ ನಾಯಕತ್ವದಲ್ಲಿ ಆರ್.ಸಿ.ಬಿ.ಯ ಮಹಿಳಾ ತಂಡ ತನ್ನ ಎರಡನೆಯ ವರ್ಷದಲ್ಲಿಯೇ ಕಪ್ಪು ತಂದಿತ್ತು. ಅಣ್ಣತಮ್ಮಂದಿರು ದಾರಿ ಹುಡುಕುತ್ತಿದ್ದಾಗ ಅಕ್ಕತಂಗಿಯರು ಊರು ಸೇರಿ ದೀಪ ಹಚ್ಚಿದ್ದರು. ಮುಂದಿನ ಸಲದ ಮಾತಾಡುವವರು ಹಿಂದಿನ ಸಲದ ಲೆಕ್ಕವನ್ನಾದರೂ ಸರಿಯಾಗಿ ಇಟ್ಟುಕೊಳ್ಳಬೇಕಲ್ಲವೆ?

ಇನ್ನೊಂದು ವಿಚಿತ್ರವಿದೆ. ರಾಜ್ಯದ ಒಳಗೇ ನಡೆಯುವ ಮಹಾರಾಜ ಟ್ರೋಫಿ ಪಂದ್ಯಾವಳಿಯಲ್ಲಿ 2025ರಲ್ಲಿ ಆಡಿದ ತಂಡಗಳು ಆರು: ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಕಲಬುರಗಿ. ದುರ್ಗದ ಹೆಸರಿಲ್ಲ; ಬಿ.ದುರ್ಗದ ಮಾತಂತೂ ಬೇಡ. ನಮಗೆ ಸ್ವಂತ ತಂಡವಿಲ್ಲವೆಂದು ಕೆಲವರು ಕೊರಗುತ್ತಾರೆ. ನನಗಾದರೋ ಇದೊಂದು ಸ್ವಾತಂತ್ರ್ಯವೆಂದೇ ತೋರುತ್ತದೆ. ಸ್ವಂತ ಹೊಲವಿಲ್ಲದವನು ಎಲ್ಲರ ಬೆಳೆಯನ್ನೂ ನೋಡಿ ಅಭಿಪ್ರಾಯ ಹೇಳಬಲ್ಲ.

ಇದು ನಮ್ಮ ದೇಶದ ಹುಚ್ಚು ಮಾತ್ರವೇ ಎಂದು ಕೇಳಿದರೆ, ಅಲ್ಲ. ಅಮೆರಿಕ ಮತ್ತು ಕೆನಡಾಗಳ 32 ತಂಡಗಳು ಕೂಡಿ ಆಡುವ ಐಸ್ ಹಾಕಿ ಲೀಗಿನಲ್ಲಿ ಕೆನಡಾದ ತಂಡಗಳು ಏಳು. ಹಿಮದ ಮೇಲಿನ ಹಾಕಿ ಆ ದೇಶದ ಮನೆಮಾತು. ಆದರೂ 1993ರಲ್ಲಿ ಮಾಂಟ್ರಿಯಲ್ ಗೆದ್ದ ಮೇಲೆ 2025ರವರೆಗೆ ಅಲ್ಲಿನ ಯಾವ ತಂಡಕ್ಕೂ ಸ್ಟ್ಯಾನ್ಲಿ ಕಪ್ ದಕ್ಕಲಿಲ್ಲ. ಟೊರಾಂಟೊದವರು ಕಡೆಯ ಸಲ ಗೆದ್ದದ್ದು 1967ರಲ್ಲಿ. ಎಡ್ಮಂಟನ್ ತಂಡ 2024, 2025 ಎರಡೂ ವರ್ಷ ಫೈನಲಿಗೆ ಬಂದು ಎರಡೂ ಸಲ ಸೋತದ್ದು ಯಾರಿಗೆ? ಹಿಮದ ಹೆಸರೇ ಅಪರೂಪವಾದ ಬಿಸಿಲ ನಾಡು ಫ್ಲಾರಿಡಾದ ತಂಡಕ್ಕೆ! ಈ ಏಳರಲ್ಲಿ ಮುಂದಿನ ಸಲ ಯಾರು ಮುಂದೆ ಎಂದು ಅಲ್ಲಿನ ಅಭಿಮಾನಿಗಳೂ ಬೇಸಿಗೆಯುದ್ದಕ್ಕೂ ಕಾದಾಡುತ್ತಾರೆ. ನಮ್ಮ ಕಟಿಂಗ್ ಷಾಪಿನ ಅಣ್ಣನನ್ನು ಟೊರಾಂಟೊದಲ್ಲಿ ಇಳಿಸಿದರೆ ಭಾಷೆ ಬಾರದಿದ್ದರೂ ಅರ್ಧ ಗಂಟೆಯಲ್ಲಿ ಸಭೆ ಕೂಡಿಸುತ್ತಾನೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಆದರೂ ಈ ಮಾತು ನಮ್ಮ ಬಯಲುಸೀಮೆಯವರ ಬಾಯಿಗೆ ಹೊಂದುವಷ್ಟು ಇನ್ನಾರ ಬಾಯಿಗೂ ಹೊಂದುವುದಿಲ್ಲವೆಂದು ನನ್ನ ಭಾವನೆ. ಏಕೆಂದರೆ ನಾವು 'ಮುಂದಿನ ವರ್ಷ'ವನ್ನು ನಂಬಿ ಬದುಕಿದ ಜನ. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ ಪೂರ್ಣವಾದದ್ದು 1907ರಲ್ಲಿ. ಅದು 1933ರಲ್ಲಿ ತುಂಬಿತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ಅಜ್ಜ ಕಂಡದ್ದನ್ನು ಮೊಮ್ಮಗ ಕಾಣಬೇಕಾಯಿತು. ನಡುವಿನ ತಲೆಮಾರು ಬರಿಯ ಮಾತು ಕೇಳಿ ಹೋಯಿತು. ಆ ವರ್ಷ ಟೀ ಹೋಟೆಲಿನಲ್ಲಿ ಹುಟ್ಟಿದ ಗಾದೆ, "ಮಾರಿಕಣಿವೆ ಕೋಡಿ ಬಿತ್ತು, ಇನ್ನು ಆರ್.ಸಿ.ಬಿ.ಗೇನು ಅಡ್ಡಿ?" ಎಂದು. ಮೂರು ವರ್ಷ ಕಳೆಯುವುದರೊಳಗೆ ಅದೂ ನಿಜವಾಯಿತು. 2023ರ ಫೆಬ್ರವರಿಯಲ್ಲಿ ಕೇಂದ್ರದ ಬಜೆಟ್ಟು ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ಎಂದಾಗಲೂ ನಮ್ಮ ಹಿರಿಯರು ಕುಣಿಯಲಿಲ್ಲ, ಹಳಿಯಲೂ ಇಲ್ಲ. "ಮುಂದಿನ ವರ್ಷ ನೋಡಾನ" ಎಂದು ಬೀಡಿ ಹಚ್ಚಿದರು. ಮಳೆ ತಪ್ಪಿದ ಹೊಲಕ್ಕೆ ಮರುವರ್ಷ ಮತ್ತೆ ಬೀಜ ಹಾಕುವವನಿಗೆ, ಸೋತ ತಂಡವನ್ನು ಮರುವರ್ಷ ಮತ್ತೆ ನಂಬುವುದು ಕಲಿಯಬೇಕಾದ ವಿದ್ಯೆಯಲ್ಲ.

ಈ ನಂಬಿಕೆ ಮಾತಿನಲ್ಲಿರುವವರೆಗೆ ಚೆನ್ನ. ಸೋತವರು ಒಂದು ಟೀ ಕೊಡಿಸಬೇಕೆಂಬ ಪಂಥದಿಂದ ಯಾರ ಮನೆಯೂ ಹಾಳಾಗಿಲ್ಲ. ಅದು ಮೊಬೈಲಿನೊಳಗಿನ ಹಣದ ಪಂಥವಾದಾಗ ಸಂಗತಿ ಬೇರೆಯಾಗುತ್ತದೆ. ನನಗೆ ತಿಳಿದ ಹುಡುಗನೊಬ್ಬ ಕಾಲೇಜಿನ ಫೀಜಿಗೆಂದು ಮನೆಯವರು ಕೊಟ್ಟ ದುಡ್ಡನ್ನು ಹೀಗೆ ಕಟ್ಟಿ ಕಳೆದ. ಕಳೆದದ್ದನ್ನು ಮರಳಿ ಪಡೆಯಲು ಸಾಲ ಮಾಡಿದ; ಅವರವ್ವನ ಓಲೆ ಅಡವು ಬಿತ್ತು. ಅವನೂ ಹೇಳುತ್ತಿದ್ದದ್ದು "ಮುಂದಿನ ಸಲ" ಎಂದೇ. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕಾಯಿದೆ ಮಾಡಿತು. ಕಾಯಿದೆ ಬಂದರೆ ಸಾಲದು. ಹೊಲದ ನಂಬಿಕೆಗೂ ಜೂಜಿನ ನಂಬಿಕೆಗೂ ಇರುವ ಅಂತರವನ್ನು ನಾವೇ ಕಾಣಬೇಕು. ಹೊಲವನ್ನು ನಂಬಿದವನು ಮುಂದಿನ ವರ್ಷದೊಳಗೆ ಗೊಬ್ಬರ ಹಾಕುತ್ತಾನೆ, ಬದು ಕಟ್ಟುತ್ತಾನೆ. ಜೂಜನ್ನು ನಂಬಿದವನಿಗೆ ಮಾಡುವ ಕೆಲಸವೇ ಇಲ್ಲ.

ಇನ್ನು 2025ರ ಜೂನ್ 4. ಕಪ್ಪು ಬಂದ ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಪ್ರಾಣ ಕಳೆದುಕೊಂಡರು. ಬಹುಮಟ್ಟಿಗೆ ಎಳೆಯ ವಯಸ್ಸಿನವರು, ನಮ್ಮಂತೆಯೇ ಕಾದವರು. ಆ ಸಂಜೆ ನಮ್ಮೂರಿನ ಹೋಟೆಲಿನಲ್ಲಿ ಟಿ.ವಿ. ಓಡುತ್ತಿತ್ತು, ಮಾತು ಮಾತ್ರ ಇರಲಿಲ್ಲ. ಕಟಿಂಗ್ ಷಾಪಿನ ಅಣ್ಣ ಅಂಗಡಿಗೆ ಕಟ್ಟಿದ್ದ ಕೆಂಪು ಬಾವುಟವನ್ನು ಬಿಚ್ಚಿ ಮಡಿಸಿ ಒಳಗಿಟ್ಟ. ಆ ಹನ್ನೊಂದು ಜನರಿಗೆ ಮುಂದಿನ ಸಲವೆಂಬುದಿಲ್ಲ. ಯಾರ ತಪ್ಪೆಂದು ವಿಚಾರಿಸಲು ದೊಡ್ಡವರಿದ್ದಾರೆ. ಯಾವ ತಂಡದ ಗೆಲುವಾದರೂ ಮನೆಗೆ ಮರಳಿ ಬಂದು ಹೇಳಿಕೊಳ್ಳುವಂತಿದ್ದರೆ ಮಾತ್ರ ಗೆಲುವು ಎಂಬುದಷ್ಟೇ ನನಗೆ ತಿಳಿಯುವುದು.

ಇಷ್ಟೆಲ್ಲ ಬರೆಯಲು ಕಾರಣವಾದ ಸಂಗತಿಯನ್ನು ಈಗ ಹೇಳುತ್ತೇನೆ. ನಮ್ಮೂರಿನ ಹುಡುಗನೊಬ್ಬ ದ್ವಿತೀಯ ಪಿ.ಯು.ಸಿ.ಯಲ್ಲಿ ಇಂಗ್ಲಿಷಿಗೆ ನಪಾಸಾದ. ಒಂದೇ ವಿಷಯ, ಒಂದೇ ಸಲ. 2024ರಲ್ಲಿ ನಮ್ಮ ರಾಜ್ಯದಲ್ಲಿ ಪರೀಕ್ಷೆ ಒಂದು, ಎರಡು, ಮೂರು ಎಂದು ವರ್ಷಕ್ಕೆ ಮೂರು ಅವಕಾಶಗಳು ಬಂದಿದ್ದವು. ಆದರೆ ಟೀ ಹೋಟೆಲಿನ ಪೀಠ ಅವನ ಪ್ರಕರಣವನ್ನು ಒಂದೇ ಸಂಜೆಯಲ್ಲಿ ಮುಗಿಸಿತು. "ಓದು ಅವನ ಹಣೇಲಿ ಬರೆದಿಲ್ಲ ಬಿಡು" ಎಂದರು. ಮರುವಾರ ಅವನು ಪಂಕ್ಚರ್ ಅಂಗಡಿಯಲ್ಲಿ ಕುಳಿತಿದ್ದ. ಹದಿನೇಳು ಸಲ ಬರಿಗೈಯಲ್ಲಿ ಬಂದ ತಂಡಕ್ಕೆ ಹದಿನೆಂಟನೆಯ ಸಲವೂ ಜಯಕಾರ ಹಾಕಿದ ಬಾಯಿಗಳೇ ಇವು! ಕಂಡರಿಯದ ಆಟಗಾರನ ಪರವಾಗಿ, ಅವನ ಕಾಲುನೋವು, ಮೈದಾನದ ಗುಣ, ಇಬ್ಬನಿ ಎಲ್ಲವನ್ನೂ ಎತ್ತಿ ವಾದಿಸುವ ನಾವು, ಮಗ್ಗುಲ ಮನೆಯ ಹುಡುಗನ ಪರವಾಗಿ ಒಂದು ಕಾರಣವನ್ನೂ ಹುಡುಕಲಿಲ್ಲ. ಮನೆಯಲ್ಲಿ ದೀಪವಿತ್ತೆ, ಹೇಳಿಕೊಡುವವರಿದ್ದರೆ, ಪರೀಕ್ಷೆಯ ತಿಂಗಳಲ್ಲಿ ಅಡಿಕೆ ತೋಟಕ್ಕೆ ಕೂಲಿಗೆ ಹೋಗಿದ್ದನೆ ಎಂದು ಯಾರೂ ಕೇಳಲಿಲ್ಲ.

ಆಟದ ಕಥೆಯೇ ಬೇರೆ ಪಾಠ ಹೇಳುತ್ತದೆ. 2025ರಲ್ಲಿ ಆ ಕಪ್ಪನ್ನು ಎತ್ತಿ ಹಿಡಿದ ನಾಯಕ ರಜತ್ ಪಾಟೀದಾರ್ ಅವರನ್ನು 2022ರ ಹರಾಜಿನಲ್ಲಿ ಯಾವ ತಂಡವೂ ಕೊಳ್ಳಲಿಲ್ಲ. ನಡುವೆ ಒಬ್ಬ ಆಟಗಾರ ಗಾಯಗೊಂಡಾಗ ಬದಲಿಯಾಗಿ ಬಂದವರು, ಅದೇ ವರ್ಷ ಸೋತರೆ ಹೊರಬೀಳುವ ಪಂದ್ಯದಲ್ಲಿ ಲಕ್ನೋ ಎದುರು ಔಟಾಗದೆ 112 ಹೊಡೆದರು. ನಮ್ಮ ಕರುಣ್ ನಾಯರ್ 2016ರಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡಿನೆದುರು 303 ಹೊಡೆದವರು. ಆದರೂ ತಂಡದಿಂದ ದೂರವಾದರು. ಕ್ರಿಕೆಟ್ಟು ತನಗೆ ಇನ್ನೊಂದು ಅವಕಾಶ ಕೊಡಲಿ ಎಂದು 2022ರಲ್ಲಿ ಬಹಿರಂಗವಾಗಿ ಕೇಳಿಕೊಂಡರು. 2025ರ ಜೂನಿನಲ್ಲಿ, ಎಂಟು ವರ್ಷಗಳ ಮೇಲೆ, ಮತ್ತೆ ಭಾರತದ ಪರವಾಗಿ ಟೆಸ್ಟ್ ಆಡಿದರು. ಇನ್ನೊಂದು ಅವಕಾಶ ಸಿಕ್ಕವರೆಲ್ಲ ಗೆಲ್ಲುತ್ತಾರೆಂದು ನಾನು ಹೇಳುವುದಿಲ್ಲ. ಗೆದ್ದವರಲ್ಲಿ ಅನೇಕರು ಇನ್ನೊಂದು ಅವಕಾಶ ಸಿಕ್ಕವರು ಎಂಬುದು ಮಾತ್ರ ನಿಜ.

ನಮ್ಮ ಮನೆಯಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಪ್ಪ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು. ಅವ್ವನಿಗೆ ರುಜು ಹಾಕಲು ಮಾತ್ರ ಬರುತ್ತದೆ. ಅಂತಿಮ ಬಿ.ಎ. ಎಂದ ಮೇಲೆ, ಸಿಕ್ಕಿದವರೆಲ್ಲ "ಮುಂದಿನ ವರ್ಷ ಏನಪ್ಪಾ?" ಎಂದು ಕೇಳುತ್ತಾರೆ. ಈಗ ಚರ್ಚಾಕಾಲದ ವಿಷಯ ನಾನೇ ಆಗಿದ್ದೇನೆ. ಕೆ.ಎ.ಎಸ್. ಎಂದು ಒಬ್ಬರು, ಬಿ.ಎಡ್. ಎಂದು ಇನ್ನೊಬ್ಬರು, ಪೊಲೀಸು ಎಂದು ಮತ್ತೊಬ್ಬರು ನನ್ನನ್ನು ಹರಾಜು ಕೂಗುತ್ತಾರೆ. ಒಂದು ರಾತ್ರಿ ಊಟದ ಹೊತ್ತಿನಲ್ಲಿ, "ಮೊದಲನೇ ಸಲಕ್ಕೇ ಪರೀಕ್ಷೆ ಆಗದಿದ್ದರೆ?" ಎಂದು ಅಪ್ಪನನ್ನು ಕೇಳಿದೆ. ಅವರು ಆರ್.ಸಿ.ಬಿ.ಯ ಒಂದು ಪಂದ್ಯವನ್ನೂ ಕೂತು ನೋಡಿದವರಲ್ಲ. ಮುದ್ದೆ ಮುರಿಯುತ್ತ, "ನಮ್ಮ ಹೊಲದಾಗೆ ಮೂರನೇ ಬೋರಿಗೆ ನೀರು ಬಿತ್ತು. ಮೊದಲನೆಯವೆರಡರ ಸಾಲ ತೀರಿಸಿಲ್ಲವೇನು? ನಿನಗೂ ಮೂರು ಬೋರು ಲೆಕ್ಕ ಇಟ್ಟುಕೊ" ಎಂದರು. ಅವ್ವ ಸಾರು ಬಡಿಸಿದಳು.

ಈ ಸಂಚಿಕೆ ಅಚ್ಚಾಗಿ ವಾಚಕರ ಕೈಸೇರುವ ಹೊತ್ತಿಗೆ, ನಾವು ಇಷ್ಟು ತಿಂಗಳು ವಾದಿಸಿದ ಪಂದ್ಯಾವಳಿಯ ಗತಿ ಎಲ್ಲರಿಗೂ ತಿಳಿದಿರಬಹುದು. ಕಟಿಂಗ್ ಷಾಪಿನ ಅಣ್ಣ ಗೆದ್ದಿರಲಿ, ದೊಡ್ಡಪ್ಪ ಗೆದ್ದಿರಲಿ, ಮರುದಿನವೇ ಹೊಸ ಚರ್ಚೆ ಕೂಡುವುದು ಖಂಡಿತ. ಹಾಗೆ ಕೂಡುವ ಗೆಳೆಯರಲ್ಲಿ ನನ್ನದೊಂದು ವಿನಂತಿ. ತಂಡಗಳ ಮಾತೆಲ್ಲ ಮುಗಿದ ಮೇಲೆ, ಟೀ ಲೋಟ ಕೆಳಗಿಡುವ ಮೊದಲು, ಆ ಪಂಕ್ಚರ್ ಅಂಗಡಿಯ ಹುಡುಗನ ಮುಂದಿನ ಸಲದ ಮಾತನ್ನೂ ಐದು ನಿಮಿಷ ಆಡೋಣ. ಅವನ ಇಂಗ್ಲಿಷ್ ಪುಸ್ತಕ ನನ್ನ ಬಳಿ ಇದೆ. ಭಾನುವಾರ ಸಂಜೆ ಅಂಗಡಿ ಬಾಗಿಲು ಹಾಕಿದ ಮೇಲೆ ಬರುತ್ತೇನೆಂದು ಹೇಳಿದ್ದಾನೆ.